ಬೆಚ್ಚಗಿದ್ದ ಬಾಟಲಿ

ಅಕ್ಕಿ ಗಿರಣಿಯ ಹೊಲಸನ್ನು ಕುಡಿದವರು ಭದ್ರಾವತಿಯ ಓಲ್ಡ್ ಟೌನಿನಲ್ಲಿದ್ದ ನಮ್ಮ ಓಣಿಯ ಮಕ್ಕಳು. ವಾಂತಿಭೇದಿಯಲ್ಲಿ ಸೊರಗಿದವರು ಅವರು. ಪಕ್ಕದ ಮನೆಯ ಚಾಚಿಯ ನಾಲ್ಕು ವರ್ಷದ ಮೊಮ್ಮಗಳು ಸತ್ತೇ ಹೋದಳು. ಗಿರಣಿಯ ಮಾಲೀಕನಿಗೆ ಏನೂ ಆಗಲಿಲ್ಲ. ನೀರು ಪರೀಕ್ಷಿಸಲು ಬಂದಿದ್ದ ಅಧಿಕಾರಿಗೆ ಬಡ್ತಿ ಸಿಕ್ಕಿತು. ಇಬ್ಬರನ್ನೂ ನಾನು ಕ್ಷಮಿಸಿಲ್ಲ. ಕ್ಷಮಿಸುವ ಉದ್ದೇಶವೂ ಇಲ್ಲ.

ಅದು ತೊಂಬತ್ತರ ದಶಕದ ಕೊನೆ. ಗಿರಣಿಯಲ್ಲಿ ಕುಸುಬಲಕ್ಕಿಗಾಗಿ ಭತ್ತ ನೆನೆಹಾಕಿದ ನೀರನ್ನು ಹಿಂದಿನ ಮಣ್ಣಿನ ಗುಂಡಿಗೆ ಬಿಡುತ್ತಿದ್ದರು. ಒಲೆಯ ಬೂದಿಯೂ, ಕೆಲಸಗಾರರ ಕಕ್ಕಸಿನ ನೀರೂ ಸೇರುತ್ತಿದ್ದದ್ದು ಅದೇ ಗುಂಡಿಗೆ. ಅದರ ಕೆಳಗಿನ ಇಳಿಜಾರಿನಲ್ಲಿ ನಮ್ಮ ಬಾವಿ. ನಲ್ಲಿಯಲ್ಲಿ ನೀರು ಬರುತ್ತಿದ್ದದ್ದು ಮೂರು ದಿನಕ್ಕೊಮ್ಮೆ. ಕುಡಿಯುವುದಕ್ಕೂ ಬಾವಿಯೇ ಗತಿ. ಮಳೆಗಾಲ ಹಿಡಿಯಿತೆಂದರೆ ಕೊಡದಲ್ಲಿ ಹಳದಿ ನೀರು, ಅದರ ಮೇಲೆ ಬೂದಿಯ ಕೆನೆ.

ಓಣಿಯ ಹೆಂಗಸರಿಗೆ ಆ ನೀರನ್ನು ತಿಳಿ ಮಾಡುವುದು ಗೊತ್ತಿತ್ತು. ಹಳೆಯ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿ, ಕೊಳೆಯನ್ನು ತಳಕ್ಕಿಳಿಸುವ ಸ್ಫಟಿಕದ ಹರಳನ್ನು ಒಂದೆರಡು ಸುತ್ತು ತಿರುಗಿಸಿ, ಕುದಿಸಿ ಇಳಿಸುತ್ತಿದ್ದರು. ಆದರೆ ಸೀಮೆಎಣ್ಣೆ ಸಿಗುವುದೇ ಕಷ್ಟವಾಗಿದ್ದ ಮನೆಗಳವು. ಕುದಿಸಿದ ನೀರು ಬಾಣಂತಿಗೆ ಮತ್ತು ಮನೆಗೆ ಬಂದ ಅತಿಥಿಗೆ ಮಾತ್ರ. ಮಕ್ಕಳು ಬಾವಿಕಟ್ಟೆಯಲ್ಲೇ ಬೊಗಸೆಯೊಡ್ಡಿ ಕುಡಿಯುತ್ತಿದ್ದರು.

ಚಾಚಿ ಲಾರಿ ಡ್ರೈವರೊಬ್ಬರ ವಿಧವೆ. ನನ್ನನ್ನು ಎತ್ತಿ ಆಡಿಸಿದವರು. ಅವರ ಮೊಮ್ಮಗಳನ್ನು ಮೊದಲ ಸಲ ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿ ಬದುಕಿಸಿಕೊಂಡು ಬಂದ ವಾರವೇ ನಾನು ನೀರು ಪರೀಕ್ಷಿಸುವ ಶಿವಮೊಗ್ಗದ ಕಚೇರಿಗೆ ಅರ್ಜಿ ಬರೆದೆ. ಬುಧವಾರ ಬಂದು ನೀರಿನ ಮಾದರಿ ಒಯ್ಯುವುದಾಗಿ ಅಧಿಕಾರಿ ತಿಳಿಸಿದರು. ಓಣಿಯವರ ಸಹಿಗಳಿದ್ದ ಮನವಿಯನ್ನು ಜೆರಾಕ್ಸ್ ಮಾಡಿಸಲು ಮಂಗಳವಾರ ನಾನು ಶಿವಮೊಗ್ಗದ ಗಾಂಧಿ ಬಜಾರಿಗೆ ಹೋದೆ. ಅವರು ಮಂಗಳವಾರವೇ ಬಂದರು, ಗಿರಣಿಯ ಗುಮಾಸ್ತನ ಜೊತೆಯಲ್ಲಿ.

ಸಂಜೆ ನಾನು ಬಸ್ಸಿಳಿದು ಬಂದಾಗ ಚಾಚಿ ಬಾಗಿಲಲ್ಲೇ ನಿಂತಿದ್ದರು, ಮುಖದ ತುಂಬ ಹಿಗ್ಗು.

"ಬಂದಿದ್ರು ಕಣೇ ನಿನ್ ಸಾಹೇಬ್ರು! ಕೆಸರು ಅಂತ ಬಾವಿ ಹತ್ರ ಹೋಗ್ಲೇ ಇಲ್ಲ, ಪಾಪ, ಬೂಟು ಹೊಸದು. ಒಂದ್ ಬಾಟ್ಲಿ ನೀರ್ ಕೊಡಮ್ಮ ಅಂದ್ರು, ಕೊಟ್ಟೆ."

"ಬಾವಿಯಿಂದ ಸೇದಿ ಹಾಗೇ ಕೊಟ್ರಿ ತಾನೆ ಚಾಚಿ?"

"ತಲೆ ಕೆಟ್ಟಿದ್ಯಾ ಮಾರಾಯ್ತಿ? ಮನೆಬಾಗ್ಲಿಗೆ ಬಂದೋರ್ಗೆ ಆ ಗಲೀಜು ಕೊಡ್ಲಾ? ನಮ್ಮನೆ ಇಜ್ಜತ್ ಏನಾಗ್ಬೇಕು? ಸೋಸಿ, ಸ್ಫಟಿಕ ತಿರುಗ್ಸಿ, ಚೆನ್ನಾಗ್ ಕುದಿಸಿ ಕೊಟ್ಟೆ. ಅಷ್ಟೊತ್ತೂ ಕುರ್ಚಿ ಮೇಲೆ ಕೂತು ಚಾ ಕುಡಿದ್ರು."

"ಅದು ಕುಡಿಯೋಕಲ್ಲ ಚಾಚಿ, ಪರೀಕ್ಷೆಗೆ!"

"ನಂಗೇನ್ ಗೊತ್ತು? ದಾರಿಗ್ ಬೇಕೇನೋ ಅಂದ್ಕೊಂಡೆ."

ಅವರ ಹಿಗ್ಗು ನನ್ನ ಕಣ್ಣೆದುರೇ ಇಳಿದುಹೋಯಿತು. ಹಗ್ಗದ ಮೇಲೆ ಅವರು ಸೋಸಿದ ಬಟ್ಟೆ ನೇತಾಡುತ್ತಿತ್ತು, ನಡುವೆ ಅಂಗೈಯಗಲದ ಕಪ್ಪು ಕಲೆ. ನೀರಿನಲ್ಲಿದ್ದದ್ದರಲ್ಲಿ ಕಣ್ಣಿಗೆ ಕಾಣುವುದೆಲ್ಲ ಆ ಬಟ್ಟೆಯಲ್ಲಿ ಉಳಿದಿತ್ತು, ಕಾಣದ್ದು ಕುದಿಯಲ್ಲಿ ಸತ್ತಿತ್ತು. ಬಾಟಲಿಯಲ್ಲಿ ಹೋಗಿದ್ದದ್ದು ನಮ್ಮ ಓಣಿಯ ಮರ್ಯಾದೆ.

ಬಾವಿಯ ನೀರು ಕುಡಿಯಲು ಯೋಗ್ಯವೆಂದು ವರದಿ ಬಂತು. ನಾನು ಶಿವಮೊಗ್ಗದ ಕಚೇರಿಗೆ ಹೋಗಿ ಅಧಿಕಾರಿಯೆದುರು ನಿಂತೆ.

"ನಿಮ್ಮೋರೇ ಕೊಟ್ಟ ನೀರಮ್ಮ ಅದು. ಗಾಜಿನ ಹಾಗಿತ್ತು. ಇನ್ನೇನ್ ಬರೀಬೇಕಿತ್ತು?"

"ಬಾಟ್ಲಿ ಕೈಯಲ್ಲಿ ಹಿಡ್ಕೊಂಡಾಗ ಬೆಚ್ಚಗಿರ್ಲಿಲ್ವಾ ಸರ್?"

ಅವರು ಫೈಲಿನ ದಾರವನ್ನು ಬಿಗಿಯಾಗಿ ಕಟ್ಟಿದರು. "ಬಿಸಿಲಿತ್ತಲ್ಲ, ಕಾದಿರುತ್ತೆ" ಎಂದರು.

ಅವರು ನೀರು ಒಯ್ದದ್ದು ಆಷಾಢದಲ್ಲಿ. ಮೂರು ದಿನಗಳಿಂದ ಸೂರ್ಯ ಕಂಡಿರಲಿಲ್ಲ. ಬೂಟು ಕೊಳೆಯಾದೀತೆಂದು ಅಂಜಿ ಅವರು ಬಾವಿಗೆ ಹೋಗದೇ ಉಳಿದದ್ದು ಅದೇ ಮಳೆಯ ಕೆಸರಿನಿಂದ. ಬಾವಿಯ ನೀರು ಕೈಗೆ ಬೆಚ್ಚಗೆ ತಾಗುವುದಿಲ್ಲ ಎಂದು ಮಗುವಿಗೂ ಗೊತ್ತು. ಚಾಚಿಯದು ತಿಳಿಯದೆ ಆದ ತಪ್ಪು. ಅಧಿಕಾರಿಯದು ಕೈಯಾರೆ ಮುಟ್ಟಿ, ತಿಳಿದು ಮಾಡಿದ ಅಪರಾಧ. ವರದಿಯ ಪ್ರತಿಗೆ ಚೌಕಟ್ಟು, ಕನ್ನಡಿ ಹಾಕಿಸಿ ಗಲ್ಲಾದ ಮೇಲೆ ತೂಗುಹಾಕಿದ ಮಾಲೀಕನಿಗೂ ಅದರಲ್ಲಿ ಪಾಲಿದೆ. ನಗರಸಭೆಗೆ ಹೋದಾಗಲೆಲ್ಲ ನಮಗೆ ತೋರಿಸಿದ್ದು ಅದೇ ಕಾಗದ. ಗುಂಡಿ ಮುಚ್ಚಲಿಲ್ಲ.

ಮುಂದಿನ ಮಳೆಗಾಲದಲ್ಲಿ ಮೊಮ್ಮಗಳು ಎರಡನೆಯ ಸಲ ಮಲಗಿದಳು. ಶಿವಮೊಗ್ಗ ಮುಟ್ಟುವ ಮೊದಲೇ, ಚಾಚಿಯ ಮಡಿಲಲ್ಲಿ, ಉಸಿರು ನಿಂತಿತು. ನಲವತ್ತು ದಿನ ಕಳೆದ ಮೇಲೆ ಚಾಚಿ ಆ ಬಟ್ಟೆಯನ್ನು ಮಡಿಸಿ ತಂದು ನನ್ನ ಕೈಗಿಟ್ಟರು.

"ಅವತ್ತು ನಾನು ಸೋಸ್ದೇ ಇದ್ದಿದ್ರೆ ಗುಂಡಿ ಮುಚ್ತಿದ್ರಾ, ಬೇಟಿ?"

ಈ ಪ್ರಶ್ನೆಯನ್ನು ಹೊತ್ತುಕೊಂಡೇ ಅವರು ತೀರಿಕೊಂಡರು. ಹೊರಬೇಕಾದವರು ಇಬ್ಬರೂ ಇಂದಿಗೂ ಹಗುರಾಗಿ ಓಡಾಡಿಕೊಂಡಿದ್ದಾರೆ. ನನ್ನ ಸಿಟ್ಟು ಅವರನ್ನು ಬಿಟ್ಟಿಲ್ಲ. ಬಟ್ಟೆ ನನ್ನ ಪೆಟ್ಟಿಗೆಯಲ್ಲಿದೆ, ಕಲೆ ಮಾಸಿಲ್ಲ. ಗುಂಡಿಯೂ ಇದೆ, ಅದರ ಕೆಳಗೆ ಬಾವಿಯಿದೆ, ಬಾವಿಕಟ್ಟೆಯಲ್ಲಿ ಈಗಿನ ಮಕ್ಕಳಿದ್ದಾರೆ.

ಆದ್ದರಿಂದ, ಬಡ್ತಿ ಪಡೆದ ಅಧಿಕಾರಿಗಳೇ, ಕನ್ನಡಿ ಹಾಕಿಸಿದ ಮಾಲೀಕರೇ, ಈ ಆಷಾಢದಲ್ಲಿ ಇಬ್ಬರೂ ನಮ್ಮ ಓಣಿಗೆ ಬನ್ನಿ. ಕೆಸರಿನಲ್ಲಿ ಬಾವಿಯವರೆಗೆ ನಡೆಯಿರಿ. ನಿಮ್ಮ ಕೈಯಿಂದಲೇ ನೀರು ಸೇದಿ, ಸೋಸದೆ, ಕುದಿಸದೆ ಬಾಟಲಿಗೆ ತುಂಬಿ, ನಮ್ಮೆದುರೇ ಅರಗಿನ ಮುದ್ರೆ ಒತ್ತಿ ಪರೀಕ್ಷೆಗೆ ಕಳುಹಿಸಿ. ಹಳೆಯ ವರದಿ ಸುಳ್ಳೆಂದು ನಿಮ್ಮ ಸಹಿಯೊಂದಿಗೆ ಬರೆದು ಬಾವಿಕಟ್ಟೆಗೆ ಅಂಟಿಸಿ. ಅಂದೇ ಆ ಗುಂಡಿಯನ್ನು ಮುಚ್ಚಿ.