ಅಕ್ಕನ ಪಾಲಿನ ಹಾಲು

ಸಗಣಿ ಕುಳ್ಳಿನ ಹೊಗೆ ಹತ್ತಿದ ಹಾಲಿನ ವಾಸನೆ ಈಗ ಎಲ್ಲಿಯೂ ಸಿಗುವುದಿಲ್ಲ. ಯಾವಗಲ್ ಊರಲ್ಲಿದ್ದ ನಮ್ಮಮ್ಮನ, ಅಂದರೆ ಅವ್ವನ ತಾಯಿಯ ಮನೆಯಲ್ಲಿ, ಆ ವಾಸನೆ ಗೋಡೆಗೂ ಹಾಸಿಗೆಗೂ ಅಂಟಿಕೊಂಡಿತ್ತು. ನಾನೂ ಅಕ್ಕನೂ ಬೆಳೆದದ್ದು ಅವ್ವನ ಜೊತೆ ಅಲ್ಲೇ. ಹಿತ್ತಲಲ್ಲಿ ಎರಡು ಎಮ್ಮೆ. ಸಣ್ಣ ಉರಿಯಲ್ಲಿ ಮಧ್ಯಾಹ್ನದ ತನಕ ಕಾದು ಕೆಂಪಗಾದ ಹಾಲು, ಅದರ ಮೇಲೆ ದಪ್ಪ ಕೆನೆ. ನಿಮ್ಮ ಮನೆಯಲ್ಲೂ ಅಂಥ ಹಾಲು ಕಾದಿದ್ದರೆ ಈಗ ಬಾಯಲ್ಲಿ ನೀರು ಬಂದೀತು. ನನಗೆ ಮಾತ್ರ ಬರುವುದಿಲ್ಲ. ಆ ಮನೆಯಲ್ಲಿ ಅಕ್ಕನ ಪಾಲಿನ ಹಾಲನ್ನೂ ನಾನೇ ಕುಡಿದೆ.

ಹನ್ನೆರಡು ತುಂಬುವಷ್ಟರಲ್ಲಿ ಅಕ್ಕ ಜೋಳದ ದಂಟಿನಂತೆ ಎದ್ದು ನಿಂತಳು. ನೋಡಿದವರೆಲ್ಲ ಹೊಗಳಿದರೆ ಅಮ್ಮನ ಮುಖ ಸಣ್ಣದಾಗುತ್ತಿತ್ತು. ಅಕ್ಕನನ್ನು ಸೋದರಮಾವನಿಗೇ ಕೊಡುವುದೆಂದು ಅವಳು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಮಾವ ಗಜೇಂದ್ರಗಡದ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ, ಹಬ್ಬಕ್ಕಷ್ಟೇ ಊರಿಗೆ ಬರುತ್ತಿದ್ದ. ಆಳು ಗಿಡ್ಡ. ಹೆಂಡತಿ ಗಂಡನ ತಲೆ ಮೀರಿದರೆ ಮಂದಿ ಆಡಿಕೊಂಡು ನಗುತ್ತಾರೆ ಎಂಬ ಚಿಂತೆ ಅಮ್ಮನಿಗೆ ಹತ್ತಿಕೊಂಡಿತು. ಒಂದು ಬೆಳಿಗ್ಗೆ ಅಕ್ಕನ ಬಟ್ಟಲನ್ನು ನನ್ನ ಕಡೆ ಸರಿಸಿ, “ಇನ್ನ ನಿನಗ ಹಾಲು ಮೊಸರು ಬ್ಯಾಡವಾ. ಬೆಳದದ್ದು ಸಾಕು,” ಎಂದಳು.

ಅವ್ವ ತನ್ನ ತಾಯಿಗೆ ಎದುರಾಡಿದವಳಲ್ಲ, ಅಕ್ಕನೂ ಅಷ್ಟೇ. ಅಂದಿನಿಂದ ಮದುವೆಯಾಗುವ ತನಕ ಅಕ್ಕನಿಗೆ ರೊಟ್ಟಿ, ಖಾರ, ಕರಿ ಚಹಾ ಅಷ್ಟೇ; ಮಜ್ಜಿಗೆಯೂ ಇಲ್ಲ. ಅಮ್ಮನಿಗೆ ಅವಳ ಮೇಲೆ ಪ್ರೀತಿ ಇರಲಿಲ್ಲವೆಂದು ಮಾತ್ರ ತಿಳಿಯಬೇಡಿ. ಬಿಸಿ ರೊಟ್ಟಿ ಮೊದಲು ಬೀಳುತ್ತಿದ್ದದ್ದು ಅಕ್ಕನ ತಾಟಿಗೇ. ರವಿವಾರ ತಲೆಗೆ ಎಣ್ಣೆ ತಿಕ್ಕುತ್ತ, ನನ್ನ ಬಂಗಾರ, ನನ್ನ ಸೊಸಿ ಎಂದು ಮುದ್ದಾಡುತ್ತಿದ್ದಳು. ನಾನೋ ಗಿಡ್ಡಿ, ಮೇಲೆ ಹೊಟ್ಟೆಬಾಕಿ. ಎರಡೂ ಬಟ್ಟಲು ಬರಿದು ಮಾಡಿ ಅಕ್ಕನ ಎದುರೇ ತುಟಿ ಚಪ್ಪರಿಸುತ್ತಿದ್ದೆ. ಒಮ್ಮೆ ಕರುಣೆ ಬಂದು ಕೆನೆ ಕದ್ದು ಕೊಟ್ಟರೆ, ಅಮ್ಮ ನೊಂದುಕೊಳ್ಳುತ್ತಾಳೆ ಎಂದು ಅವಳು ಅದನ್ನು ಮುಟ್ಟಲಿಲ್ಲ. ಇಷ್ಟೆಲ್ಲ ಮಾಡಿಯೂ ಅಕ್ಕ ಬೆಳೆದಳು, ಮಾವನಿಗಿಂತ ಗೇಣು ಎತ್ತರ. ಮದುವೆಯೂ ಆಯಿತು, ಯಾರೂ ನಗಲಿಲ್ಲ. ಆಮೇಲೆ ಅಮ್ಮ ತೀರಿಕೊಂಡಳು, ಎಮ್ಮೆಗಳನ್ನು ಮಾರಿದರು. ಮನೆ ಬಿದ್ದ ಜಾಗದಲ್ಲಿ ಈಗ ಯಾರದೋ ಟ್ರ್ಯಾಕ್ಟರ್ ನಿಲ್ಲುತ್ತದೆ.

ಹೋದ ವರ್ಷ ಅಕ್ಕ ಅಂಗಳದಲ್ಲಿ ಜಾರಿ ಕೈ ಊರಿದ್ದಷ್ಟೇ, ಮಣಿಕಟ್ಟು ಮುರಿಯಿತು. ಇನ್ನೂ ಇಪ್ಪತ್ತೆಂಟರ ಹೆಣ್ಣುಮಗಳು. ಎಲುಬು ಮುರಿದದ್ದು ಮೂರನೆಯ ಸಲ. ರೋಣದ ದವಾಖಾನೆಯಲ್ಲಿ ಡಾಕ್ಟರು ಎಕ್ಸ್‌ರೇ ತೆಗೆಸಿ, ತಪಾಸಣೆ ಮಾಡಿಸಿ, ಬೆಳೆಯುವ ವಯಸ್ಸಿನಲ್ಲಿ ಏನೇನು ತಿನ್ನುತ್ತಿದ್ದಿರಿ ಎಂದು ಕೇಳಿದರು. ಎಲುಬು ಗಟ್ಟಿಯಾಗುವ ಕಾಲ ಅದು, ಆಗ ತಪ್ಪಿದ್ದನ್ನು ಆಮೇಲೆ ಪೂರ್ತಿ ತುಂಬಿಕೊಳ್ಳುವುದು ಕಷ್ಟ ಎಂದರು.

“ನಮ್ಮಮ್ಮ ನನಗ ಏನೂ ಕಡಿಮಿ ಮಾಡಿಲ್ರಿ,” ಎಂದಳು ಅಕ್ಕ.

ನನ್ನಿಂದ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ: ಹಾಲು ನಿಂತದ್ದು, ಯಾಕೆ ನಿಂತದ್ದು, ಯಾರು ಕುಡಿದದ್ದು. ಅದೂ ಒಂದು ಕಾರಣ ಇದ್ದೀತು ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟರು. ಪಕ್ಕದಲ್ಲೇ ಇದ್ದ ಮಾವ ಅದನ್ನೆಲ್ಲ ಕೇಳಿದ್ದು ಅವತ್ತೇ ಮೊದಲು. ಹೊರಗೆ ಬಂದು ಬೆಂಚಿನ ಮೇಲೆ ಅಕ್ಕನ ಪಕ್ಕ ಕೂತ.

“ನನ್ನ ಯಾರೂ ಒಂದ್ ಮಾತು ಕೇಳಲಿಲ್ಲಲ್ಲ,” ಎಂದ. “ಆಕಿ ಎತ್ತರ ಇರೋದ ನನಗ ಭಾಳ ಸೇರತಿತ್ತು.”

ಮೂರು ಸಲ ಎಲುಬು ಮುರಿದಾಗಲೂ ಅಳದ ಅಕ್ಕ ಆಗ ಅತ್ತಳು. ಆ ಮಾತು ಕೇಳಬೇಕಾಗಿದ್ದ ಅಮ್ಮ ಮಣ್ಣಾಗಿ ಆರು ವರ್ಷವಾಗಿತ್ತು.