ಮೊಟ್ಟೆ ತಿನ್ನದವರ ಪಿಸ್ತೂಲು

ಹೊಗೆಸೊಪ್ಪಿನ ಸರ್ವೆಗೆಂದು ಗಾವಡಗೆರೆ ಕಡೆ ಹೋಗಿದ್ದಾಗ, ಜಮೀನಿನ ಯಜಮಾನರೊಬ್ಬರು ಮನೆಯ ಜಗುಲಿಯಲ್ಲಿ ಕೂರಿಸಿ ತಮ್ಮ ಮೊಬೈಲನ್ನು ನನ್ನ ಕೈಗಿಟ್ಟರು. ಮೊಲದ ಬೇಟೆಗೆ ಎಂಥ ಪಿಸ್ತೂಲು ಒಳ್ಳೆಯದೆಂದು ಅಮೆರಿಕದವರು ಯಾರೋ ಇಂಗ್ಲಿಷಿನಲ್ಲಿ ಉದ್ದಕ್ಕೆ ಬರೆದಿದ್ದರು.

"ಓದಿ ಯೋಳವ್ವ. ಪಿರಿಯಾಪಟ್ಟಣದ ನಮ್ ಷಡ್ಡಕ ಒಂದು ತಕಂಡವ್ನೆ. ನಂದು ಅವನದ್ಕಿಂತ ಉದ್ದ ಇರ್ಬೇಕು."

ನಾನು ತಲೆಯೆತ್ತದೆ ಓದಿ ಹೇಳಿದೆ. "ಪಾಯಿಂಟ್ ಟೂ ಟೂ ಅಳತೆಯ ಪಿಸ್ತೂಲು ಸಾಕಂತೆ. ನಳಿಗೆ ಉದ್ದ ಇದ್ದಷ್ಟೂ ಗುರಿ ಇಡೋದು ಸುಲಭ. ಗುಂಡು ಸಣ್ಣದು, ಮಾಂಸ ಹಾಳಾಗಲ್ಲ."

ಮಾಂಸ ಎಂದದ್ದೇ ತಡ, ಅಡುಗೆಮನೆಯಿಂದ ಅವರ ಹೆಂಡತಿ ಬಂದರು. ಮೊಟ್ಟೆಗೂ ಪ್ರವೇಶವಿಲ್ಲದ ಮನೆ ಅದು.

"ಜೀವ ತೆಗೆಯೋ ಸಾಮಾನು ಒಳಕ್ಕೆ ಬಂದ ದಿನ ನಾ ಒಲೆ ಹಚ್ಚಾಕಿಲ್ಲ ಕಣ್ರೀ!"

ಯಜಮಾನರು ನನ್ನ ಮುಖ ನೋಡಿದರು. ಮೊಲ ಹೊಡೆದರೆ ಜೈಲು ಎಂಬುದನ್ನೂ ನಾನು ಮೆಲ್ಲಗೆ ಸೇರಿಸಿದೆ.

"ಹೊಡೆಯೋದು ಯಾರಿಗ್ ಬೇಕು ಬುಡವ್ವ! ಮದ್ವೆಮನೇಲಿ ಸೊಂಟದಲ್ಲಿ ಕಾಣಂಗಿದ್ರೆ ಸಾಕು. ಗುಂಡಿಲ್ದೆ ಕೊಡ್ತಾರಾ ನೋಡು."

"ಅಂಗಾದ್ರೆ ತನ್ನಿ," ಎಂದು ಹೆಂಡತಿ ಸಮಾಧಾನದಿಂದ ಒಳಗೆ ಹೋದರು.

ನಾನು ಪುಟವನ್ನು ಕೊನೆಯವರೆಗೂ ಹುಡುಕಿದೆ. ಗುಂಡು ಹಾರಿಸದವರಿಗೆ ಎಷ್ಟುದ್ದದ ನಳಿಗೆ ಒಳ್ಳೆಯದೆಂದು, ಪಾಪ, ಅಮೆರಿಕದವರು ಯೋಚಿಸಿಯೇ ಇರಲಿಲ್ಲ.