ಚಾಚಿದ ಕೈಗೆ ಕೊಟ್ಟ ಕಾರ್ಡುಗಳು

ಚಿನ್ನು, ಪುಟ್ಟಾ, ನಿಮ್ಮಿಬ್ಬರಿಗೂ ಇನ್ನೂ ಕನ್ನಡ ಸರಿಯಾಗಿ ಓದಲು ಬರುವುದಿಲ್ಲ. ಸದ್ಯಕ್ಕೆ ನಿಮ್ಮಮ್ಮ ಓದಿ ಹೇಳಲಿ, ಮುಂದೆ ನೀವೇ ಕಲಿತು ಓದಿಕೊಳ್ಳಿ. ನನಗೆ ನಾಲ್ಕು ಜನರೆದುರು ನಿಂತರೆ ಹೇಳಬೇಕಾದ್ದೇ ಮರೆತುಹೋಗುತ್ತದೆ. ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇನ್ನೂ ಕೈಬಿಟ್ಟಿಲ್ಲ.

ನಾವು ಹಡಗಿನಲ್ಲಿ ತಿರುಗಿಬಂದ ಕತೆಯನ್ನು ನಿಮ್ಮಪ್ಪ ಮನೆಗೆ ಬಂದವರಿಗೆಲ್ಲ ಹೇಳುತ್ತಾನೆ. ಎಲ್ಲರೂ ನಗುತ್ತಾರೆ. ನಾನೂ ಅಡುಗೆಮನೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತೇನೆ. ಆದರೆ ಆ ದಿನ ನನ್ನ ಕೈಕಾಲು ತಣ್ಣಗಾಗಿದ್ದವು. ಅದನ್ನು ಅವನು ಹೇಳುವುದಿಲ್ಲ, ಅವನಿಗೆ ಗೊತ್ತೂ ಇಲ್ಲ.

ಮೊದಲು ಬಹರೇನಿನ ಮಾತು ಹೇಳಬೇಕು. ತಪ್ಪು ಹುಟ್ಟಿದ್ದು ಇಲ್ಲೇ. ನಿಮ್ಮ ತಾತ ತೀರಿಹೋದ ಮೇಲೆ ನಿಮ್ಮಪ್ಪ ನನ್ನನ್ನು ಹೂರಾ ಬಡಾವಣೆಯ ಈ ಫ್ಲ್ಯಾಟಿಗೆ ಕರೆದುಕೊಂಡು ಬಂದ. ಬಂದ ಕೂಡಲೇ ನನ್ನ ಫೋಟೋ ಇರುವ ಸಿಪಿಆರ್ ಕಾರ್ಡು, ಅಂದರೆ ಇಲ್ಲಿನ ಸರ್ಕಾರದ ಗುರುತಿನ ಚೀಟಿ, ಮಾಡಿಸಿ ಕೈಗಿಟ್ಟು, "ಅಮ್ಮ, ಇದನ್ನ ಬಿಟ್ಟು ಮೆಟ್ಲೂ ಇಳೀಬೇಡ" ಎಂದ. ನನ್ನಮ್ಮ ಎಲೆಅಡಿಕೆ ಇಟ್ಟುಕೊಳ್ಳುತ್ತಿದ್ದಂಥ ಒಂದು ಬಟ್ಟೆ ಸಂಚಿ ಹೊಲಿದು, ಕಾರ್ಡನ್ನು ಅದರೊಳಗಿಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಇಲ್ಲಿ ಆಸ್ಪತ್ರೆಯಲ್ಲಿ ಯಾರನ್ನಾದರೂ ನೋಡಲು ಹೋದರೂ, ದೊಡ್ಡ ಕಟ್ಟಡದ ಸ್ನೇಹಿತರ ಮನೆಗೆ ಹೋದರೂ, ಮನೆಯವರಿಗೆಲ್ಲ ಕಾರ್ಖಾನೆ ತೋರಿಸುವ ದಿನ ಅಸ್ಕರ್ ಕಡೆ ಅಪ್ಪನ ಕೆಲಸದ ಜಾಗಕ್ಕೆ ಹೋದರೂ, ಬಾಗಿಲಲ್ಲಿ ಕೂತ ಕಾವಲುಗಾರ ಕೈ ಚಾಚುತ್ತಾನೆ. ಕಾರ್ಡು ಆ ಕೈಗಿಟ್ಟರೆ ಅವನು ಕೊರಳಿಗೆ ಹಾಕಿಕೊಳ್ಳುವ ಪಾಸು ಕೊಡುತ್ತಾನೆ. ವಾಪಸು ಬರುವಾಗ ಪಾಸು ಕೊಟ್ಟು ಕಾರ್ಡು ತೆಗೆದುಕೊಳ್ಳುವುದು. ಅವನು ನನ್ನ ಮುಖ ನೋಡುವುದಿಲ್ಲ, ನಾನು ಅವನದನ್ನು ನೋಡುವುದಿಲ್ಲ. ನನ್ನಂಥವಳಿಗೆ ಇಷ್ಟು ಸಲೀಸಾದ ಏರ್ಪಾಡು ಬೇರೆ ಇರಲಿಲ್ಲ. ಕೈ ಚಾಚಿದರೆ ಕಾರ್ಡು, ಅಷ್ಟೆ.

ಇನ್ನು ಹಡಗು. ಫ್ಲೋರಿಡಾದಲ್ಲಿರುವ ನಿಮ್ಮ ಚಿಕ್ಕಮ್ಮನ ಮನೆಗೆ ಹೋದಾಗ, ಅಲ್ಲಿಂದ ಕೆರಿಬಿಯನ್ ದ್ವೀಪಗಳಿಗೆ ಹೋಗುವ ಹಡಗು ಹತ್ತಿದೆವು. ಅದನ್ನು ಹಡಗು ಎನ್ನಲು ನನಗೆ ಬಾಯಿ ಬರಲಿಲ್ಲ. ಹೂರಾದ ಒಂದು ಬೀದಿಯನ್ನೇ ಕಿತ್ತು ನೀರಿನ ಮೇಲಿಟ್ಟ ಹಾಗಿತ್ತು. ಬೆಳಗ್ಗೆ ಒಂದು ದ್ವೀಪದಲ್ಲಿ ನಿಲ್ಲುವುದು, ಜನ ಇಳಿದು ಊರು ನೋಡಿ ಸಂಜೆಯೊಳಗೆ ಹತ್ತುವುದು. ತಡವಾದವರಿಗೆ ಅದು ಕಾಯುವುದಿಲ್ಲ, ಬಿಟ್ಟು ಹೋಗುತ್ತದೆ. ಅಪ್ಪ ಈ ಮಾತನ್ನು ದಿನಾ ತಿಂಡಿಯ ಜೊತೆ ಬಡಿಸುತ್ತಿದ್ದ. ಹಡಗಿನವರು ತಲೆಗೊಂದು ಕಾರ್ಡು ಕೊಟ್ಟಿದ್ದರು. ಕೋಣೆಯ ಬೀಗಕ್ಕೂ ಅದೇ, ಹಡಗು ಹತ್ತುವುದಕ್ಕೂ ಅದೇ. ನೀವೆಲ್ಲ ನೀರಿಗೆ ಬೀಳುವವರಾದ್ದರಿಂದ ಐದೂ ಕಾರ್ಡು ನನ್ನ ಸಂಚಿಗೆ ಬಂದವು.

ಮೊದಲ ದ್ವೀಪದಲ್ಲೇ ನನ್ನ ಎದೆ ಧಸಕ್ಕೆಂದಿತು. ನನ್ನ ವಯಸ್ಸಿನ ಹೆಂಗಸರು ಎರಡು ಚೂರು ಬಟ್ಟೆಯಲ್ಲಿ ಮರಳ ಮೇಲೆ ಮಲಗಿದ್ದರು. ಕಣ್ಣು ತಗ್ಗಿಸಿದೆ. ತಗ್ಗಿಸಿದ ಕಡೆಯೂ ಒಬ್ಬಳು ಮಲಗಿದ್ದಳು. ನಿಮ್ಮಮ್ಮ ಮೊಣಕಾಲಿನ ತನಕದ ಈಜುಬಟ್ಟೆ ಹಾಕಿಕೊಂಡು ಬಂದು, "ಅತ್ತೆ, ಬೈಯಲ್ಲ ತಾನೆ?" ಎಂದಳು. ಬೈಯಲು ಮಾತು ಹೊರಡಬೇಕಲ್ಲ! ಎರಡನೇ ದ್ವೀಪದಲ್ಲಿ ನಿಮ್ಮಪ್ಪ, ಎರಡು ಮಕ್ಕಳ ತಂದೆ, ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಒಂದು ತಂತಿಗೆ ಜೋತುಬಿದ್ದು ಕಾಡಿನ ಮೇಲೆ ಕೂಗುತ್ತಾ ಜಾರಿಕೊಂಡು ಹೋದ. ನಾನು ಕಣ್ಣು ಮುಚ್ಚಿಕೊಂಡೆ. "ಅಜ್ಜಿ, ಓಪನ್ ಮಾಡು, ಅಪ್ಪ ಲ್ಯಾಂಡ್ ಆದ್ರು" ಎಂದು ಪುಟ್ಟ ನನ್ನ ರೆಪ್ಪೆ ಎಳೆದ.

ಮೂರನೆಯ ದ್ವೀಪಕ್ಕೆ ಇಳಿಯುವಾಗ, ಇನ್ನು ಬೆಚ್ಚಿಬೀಳುವುದಕ್ಕೆ ಏನೂ ಉಳಿದಿಲ್ಲ ಅಂದುಕೊಂಡಿದ್ದೆ.

ವ್ಯಾನು ನಮ್ಮನ್ನು ಒಂದು ಕಡಲ ದಂಡೆಗೆ ಬಿಟ್ಟಿತು. ರಸ್ತೆಯಿಂದ ಮರಳಿಗೆ ಇಳಿಯಲು ಮರದ ಮೆಟ್ಟಿಲುಗಳು. ಪಕ್ಕದಲ್ಲೊಂದು ಹುಣಸೆಮರ. ಹುಣಸೆಮರ! ಊರು ಬಿಟ್ಟು ಇಷ್ಟು ದೂರ ಬಂದರೂ ಅದೇ ಎಲೆ, ಅದೇ ಕೊಂಕು ಕಾಯಿ. ಅದರ ನೆರಳಲ್ಲಿ ಒಬ್ಬ ಹೆಂಗಸು ಹುಣಸೆಹಣ್ಣನ್ನು ಸಕ್ಕರೆಯಲ್ಲಿ ಉರುಳಿಸಿ ಉಂಡೆ ಮಾಡಿ ಮಾರುತ್ತಿದ್ದಳು. ಬೆಲ್ಲ, ಉಪ್ಪು, ಖಾರ ಹಾಕಿ ನಾವು ಕುಟ್ಟುವ ಚಿಗಳಿಯ ಅಕ್ಕನೋ ತಂಗಿಯೋ ಇರಬೇಕು. ನಾನು ಅದನ್ನೇ ಬೆರಗಾಗಿ ನೋಡುತ್ತಾ ಮೆಟ್ಟಿಲ ಹತ್ತಿರ ಬಂದೆ. ನೀವೆಲ್ಲ ಆಗಲೇ ಕೆಳಗೆ ಓಡಿದ್ದಿರಿ.

ಅಲ್ಲಿ ಹಳದಿ ಅಂಗಿಯವನೊಬ್ಬ ನಿಂತಿದ್ದ. ಅವನು ನನ್ನ ಕಡೆ ಕೈ ಚಾಚಿದ.

ನಾನು ಸಂಚಿ ಬಿಚ್ಚಿ ಐದೂ ಕಾರ್ಡನ್ನು ಆ ಕೈಯಲ್ಲಿಟ್ಟೆ.

ಅವನು ನಕ್ಕ. ಉದ್ದಕ್ಕೆ ಏನೋ ಹೇಳಿ, ಕೆಳಗಿದ್ದ ಒಂದು ಗುಡಿಸಲನ್ನು ತೋರಿಸಿದ. ನಾನು "ಎಸ್, ಎಸ್" ಎಂದು ತಲೆಯಾಡಿಸಿ, ಕಟಕಟೆ ಹಿಡಿದುಕೊಂಡು ಇಳಿದೆ. ಪಾಸು ಕೊಡಲಿಲ್ಲವಲ್ಲ ಎನ್ನಿಸಿತು. ಇಲ್ಲಿನ ಪದ್ಧತಿ ಹೀಗಿರಬಹುದು ಅಂದುಕೊಂಡು ಸುಮ್ಮನಾದೆ.

ನೀವು ನೀರಿನಲ್ಲಿ ಆಡಿ ಸಾಕಾದ ಮೇಲೆ ಅಪ್ಪ ನಮ್ಮನ್ನು ದಂಡೆಯ ಇನ್ನೊಂದು ತುದಿಯಿಂದ, ಅಂಗಡಿಗಳ ನಡುವಿನ ದಾರಿಯಲ್ಲಿ ಹೊರಡಿಸಿದ. ಅಲ್ಲಿ ಕಾವಲುಗಾರ ಇರಲಿಲ್ಲ. ಅಸ್ಕರಿನಲ್ಲಿ ಕಾರ್ಡು ತೆಗೆದುಕೊಳ್ಳುವುದು ಒಳಬಾಗಿಲಲ್ಲಿ, ಹಿಂದಿರುಗಿಸುವುದು ಹೊರಗಿನ ದೊಡ್ಡ ಗೇಟಿನಲ್ಲಿ. ಇಲ್ಲೂ ಬಂದರಿನ ಗೇಟಿನಲ್ಲಿ ಕೊಡುತ್ತಾರೆ ಎಂದು ನಾನು ನಿಶ್ಚಿಂತೆಯಾಗಿ ವ್ಯಾನು ಹತ್ತಿದೆ.

ಬಂದರಿನ ಗೇಟಿನಲ್ಲಿ ಅಪ್ಪ ನನ್ನ ಕಡೆ ತಿರುಗಿದ. "ಅಮ್ಮ, ಕಾರ್ಡು."

"ಗೇಟಿನೋನ ಹತ್ರ ಇದ್ಯಲ್ಲಪ್ಪ."

"ಯಾವ ಗೇಟು?"

"ಅದೇ, ಮೆಟ್ಲ ಹತ್ರ. ಕೈ ಚಾಚಿದ, ಕೊಟ್ಟೆ."

"ಐದೂ?"

"ಐದೂ."

ನಿಮ್ಮಮ್ಮನ ಕೈಯಿಂದ ಒದ್ದೆ ಟವಲಿನ ಚೀಲ ಕೆಳಕ್ಕೆ ಬಿತ್ತು. ಅಪ್ಪನ ಮುಖದಿಂದ ಬಣ್ಣ ಇಳಿದುಹೋಗುವುದನ್ನು ನಾನು ಕಣ್ಣಾರೆ ನೋಡಿದೆ. ನಿಮ್ಮ ತಾತ ಹೋದ ದಿನ ನೋಡಿದ್ದೆ, ಆಮೇಲೆ ಅವತ್ತೇ. "ಅಮ್ಮ, ಅಲ್ಲಿ ಗೇಟೇ ಇಲ್ಲ. ಅದು ಬೀಚು ಕಣಮ್ಮ!" ಎಂದ.

ಪಾಸ್‌ಪೋರ್ಟುಗಳು ಹಡಗಿನ ಕೋಣೆಯಲ್ಲಿದ್ದವು. ಬಂದರಿನ ಕಾವಲುಗಾರ್ತಿ ಕಾರ್ಡಿಲ್ಲದೆ ಒಳಗೆ ಬಿಡುವುದಿಲ್ಲವೆಂದಳು. ಹಡಗಿನವರಿಗೆ ಹೇಳಿ ಕಳಿಸುತ್ತೇನೆ, ಅವರು ಯಾವಾಗ ಬರುತ್ತಾರೋ ಗೊತ್ತಿಲ್ಲ ಎಂದಳು. ಅವಳ ಹೆಗಲಾಚೆ ನಮ್ಮ ಹಡಗು ಬೆಳ್ಳಗೆ ನಿಂತಿತ್ತು. ನಮ್ಮ ಬಟ್ಟೆಬರೆ, ಅಪ್ಪನ ಔಷಧಿ, ಎಲ್ಲವೂ ಅದರೊಳಗೆ. ನಾವು ಐವರು ಚಪ್ಪಲಿಗಂಟಿದ ಮರಳಿನ ಜೊತೆ ಹೊರಗೆ. ಅದು ಹೊರಟುಬಿಟ್ಟರೆ? ನನ್ನ ಒಂದು ಕೈಯಿಂದ ಇಡೀ ಮನೆ ಹೆಸರು ಗೊತ್ತಿಲ್ಲದ ಊರಿನಲ್ಲಿ ಬೀದಿಗೆ ಬಿತ್ತಲ್ಲ!

ನಿಮ್ಮಮ್ಮ ಮತ್ತು ಪುಟ್ಟ ಗೇಟಿನಲ್ಲೇ ನಿಂತರು. ಅಪ್ಪ ಒಂದು ಟ್ಯಾಕ್ಸಿ ಹಿಡಿದು ನನ್ನನ್ನು ಕೂರಿಸಿದ. ಚಿನ್ನು, ನೀನು ಕರೆಯದೆಯೇ ಹತ್ತಿ ನನ್ನ ಸೆರಗು ಹಿಡಿದುಕೊಂಡೆ. ದಾರಿಯುದ್ದಕ್ಕೂ ಅಪ್ಪ ಕೈಗಡಿಯಾರವನ್ನೇ ನೋಡುತ್ತಿದ್ದ. ಬೈದಿದ್ದರೆ ಚೆನ್ನಾಗಿತ್ತು.

ಅಂಥ ದಂಡೆಗಳು ಸಾಲಾಗಿ ಎಷ್ಟೋ ಇದ್ದವು, ಎಲ್ಲ ಕಡೆ ಅವೇ ಕೊಡೆ, ಅವೇ ಕುರ್ಚಿ. ಹುಣಸೆಮರ ಕಂಡ ಕಡೆ ನಾನು "ಇಲ್ಲೇ" ಎಂದೆ. ಟ್ಯಾಕ್ಸಿ ಅಂಗಡಿಗಳ ಕಡೆ ನಿಂತಿತು. ಆ ದಾರಿಯಿಂದ ದಂಡೆಗೆ ಇಳಿದರೆ ಹಳದಿ ಅಂಗಿಯವರು ಒಬ್ಬರಲ್ಲ, ಒಂದು ಹಿಂಡೇ ಕೊಡೆ ಮಡಚುತ್ತಿತ್ತು. ಗುಡಿಸಲಿಗೆ ಬೀಗ ಬಿದ್ದಿತ್ತು.

"ಯಾರಮ್ಮ? ಬೇಗ ತೋರ್ಸು."

"ಮುಖ ನೋಡ್ಲಿಲ್ಲ ಕಣೋ."

"ನೋಡ್ಲಿಲ್ಲ ಅಂದ್ರೆ?"

"ನಾನು ಯಾವತ್ತು ಗಂಡಸ್ರ ಮುಖ ನೋಡಿದೀನಿ? ಕೈ ನೋಡಿದ್ದೆ."

ಅಪ್ಪ ಎರಡೂ ಕೈಯಿಂದ ತಲೆ ಹಿಡಿದುಕೊಂಡು ಮರಳ ಮೇಲೆ ಕೂತುಬಿಟ್ಟ. ಚಿನ್ನು, ನೀನು ಮಾತ್ರ ಕೇಳಿದೆ: "ಕೈ ಹೆಂಗಿತ್ತು ಅಜ್ಜಿ?" ಹೆಬ್ಬೆರಳಿನ ಬುಡದಲ್ಲಿ ಬಾಳೆಹಣ್ಣಿನ ಹಾಗೆ ಬಾಗಿದ, ಹಳೆಯ ಗಾಯದ ಬಿಳಿ ಗೆರೆ. ಅದು ನನ್ನ ಕಣ್ಣಲ್ಲಿ ಅಚ್ಚೊತ್ತಿ ಕೂತಿತ್ತು. ನೀನು ಓಡಿಹೋಗಿ ಅವರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಹೋ ಎಂದು ನಕ್ಕು, ಸಾಲಾಗಿ ನಿಂತು ಅಂಗೈ ಮುಂದೆ ಮಾಡಿದರು. ನಮ್ಮ ಶಾಲೆಯಲ್ಲಿ ಮೇಷ್ಟ್ರು ಉಗುರು ನೋಡುವಾಗ ನಾವು ನಿಲ್ಲುತ್ತಿದ್ದ ಹಾಗೆ. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಆದರೂ ಒಂದೊಂದೇ ಕೈ ನೋಡುತ್ತಾ ಹೋದೆ. ಯಾವುದೂ ಅದಲ್ಲ.

ಅಷ್ಟರಲ್ಲಿ ದೂರದಲ್ಲಿ ಹಡಗು ಕೂಗಿತು. ನಮ್ಮದೋ ಬೇರೆಯದೋ ತಿಳಿಯಲಿಲ್ಲ.

ತಲೆ ಎತ್ತಿ ಮೇಲೆ ನೋಡಿದೆ. ಹುಣಸೆಮರದ ಕೆಳಗೆ ಬಿಳಿ ಅಂಗಿಯವನೊಬ್ಬ ಉಂಡೆ ಮಾರುವವಳ ಬುಟ್ಟಿಗೆ ಕೈ ಚಾಚಿದ್ದ. ಆ ಚಾಚುವ ರೀತಿ! ಮೊಣಕೈ ಬಾಗಿಸಿ, ಅಂಗೈ ಪೂರ್ತಿ ಬಿಡಿಸಿ. ಗೆರೆ ಅಷ್ಟು ದೂರದಿಂದ ಕಾಣುವಂತಿರಲಿಲ್ಲ. ಆದರೂ ನಾನು ಸೀರೆ ಎತ್ತಿಹಿಡಿದು ಮೆಟ್ಟಿಲು ಹತ್ತಿ ಓಡಿದೆ. ಓಡಿದವಳೇ ಅವನ ಕೈಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡು ತಿರುಗಿಸಿದೆ. ಬಿಳಿ ಗೆರೆ ಇತ್ತು.

"ಇದೇ ಕೈ! ಲೋ, ಇದೇ ಕೈ!" ಎಂದು ಕಿರುಚಿದೆ. ಅದು ನನ್ನ ಧ್ವನಿ ಎಂದು ತಿಳಿದದ್ದು ಆಮೇಲೆ. ರಸ್ತೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಿಮ್ಮಪ್ಪ ಕೂಡ ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು.

ಅವನು ಮೊದಲು ಬೆದರಿದ. ಆಮೇಲೆ ನನ್ನ ಗುರುತು ಸಿಕ್ಕಿ, ಕೊರಳಿನ ದಾರದಲ್ಲಿದ್ದ ಬೀಗದಕೈ ಎತ್ತಿ ತೋರಿಸಿದ. ಅವನು ಹೇಳಿದ್ದನ್ನು ನೀನು ನನಗೆ ಹೇಳಿದೆ, ಚಿನ್ನು. "ಅಜ್ಜಿ, ನೀನು ಬೀಳಬಾರ್ದು ಅಂತ ಹೆಲ್ಪ್ ಮಾಡೋಕೆ ಕೈ ಕೊಟ್ರಂತೆ. ಕಾರ್ಡ್ಸ್ ಇಟ್ಬಿಟ್ಯಂತೆ. ಈಜೋಕೆ ಹೋಗೋರು ಸಾಮಾನು ಇವ್ರ ಹತ್ರ ಬಿಡ್ತಾರಂತೆ, ಹಂಗೇ ಅಂದ್ಕೊಂಡ್ರಂತೆ. ಡ್ಯೂಟಿ ಮುಗ್ದು ಶರ್ಟ್ ಚೇಂಜ್ ಮಾಡಿದ್ರೂ, ನೀನು ಈ ಮೆಟ್ಲಲ್ಲೇ ವಾಪಸ್ ಬರ್ತೀಯ ಅಂತ ಬಸ್ಸೂ ಬಿಟ್ಟು ಕಾಯ್ತಾ ಇದಾರಂತೆ."

ಹಿಡಿಯಲು ಕೊಟ್ಟ ಕೈ! ನನಗೆ ಮತ್ತೊಮ್ಮೆ ಧಸಕ್ಕೆಂದಿತು. ಬಹರೇನಿನಲ್ಲಿ ಇದ್ದಷ್ಟು ಕಾಲವೂ ಚಾಚಿದ ಕೈ ಎಂದರೆ ಕೇಳುವ ಕೈ ಎಂದೇ ತಿಳಿದಿದ್ದೆ.

ಅವನು ಕೆಳಗಿಳಿದು ಗುಡಿಸಲಿನ ಬೀಗ ತೆಗೆದ. ಕಾರ್ಡುಗಳು ಒಂದು ಕಾಗದದ ಲೋಟದಲ್ಲಿ ನಿಂತಿದ್ದವು, ಐದೂ. ಅಪ್ಪ ಕೊಟ್ಟ ನೋಟನ್ನು ಅವನು ಬೇಡವೆನ್ನದೆ ಜೇಬಿಗಿಟ್ಟುಕೊಂಡ. ಹಿಂದಿರುಗಿ ಮೆಟ್ಟಿಲು ಹತ್ತುವಾಗ ಮೇಲೆ ನಿಂತು ಮತ್ತೆ ಕೈ ಚಾಚಿದ. ಈ ಸಲ ಅವನ ಮುಖ ನೋಡಿದೆ. ನನಗಿಂತ ದೊಡ್ಡವನು, ಮುಂದಿನ ಹಲ್ಲೊಂದು ಇರಲಿಲ್ಲ. ಆ ಕೈ ಹಿಡಿದುಕೊಂಡೇ ಹತ್ತಿದೆ.

ಬಂದರು ಮುಟ್ಟಿದಾಗ ಹಡಗಿಗೆ ಹಾಕಿದ್ದ ಸೇತುವೆ ಇನ್ನೂ ತೆಗೆದಿರಲಿಲ್ಲ. ಅವತ್ತು ಹತ್ತಿದವರಲ್ಲಿ ನಾವೇ ಕೊನೆ. ಮೇಲಿನ ಕಟಕಟೆಯಲ್ಲಿ ನಿಂತ ಜನ ನಮಗೆ ಚಪ್ಪಾಳೆ ತಟ್ಟಿದರು. ನಾನು ಸೆರಗು ಹೊದ್ದುಕೊಂಡೆ.

ಮಾರನೆಯ ದ್ವೀಪಕ್ಕೆ ನಾನು ಇಳಿಯುವುದಿಲ್ಲವೆಂದೆ. "ನಿಮ್ಗೆ ಹೊರೆ ಆಗ್ತೀನಿ, ನಾನಿಲ್ಲೇ ಇರ್ತೀನಿ." ಅಪ್ಪ ಬೂಟಿನ ದಾರ ಕಟ್ಟುತ್ತಿದ್ದ. ನಿಮ್ಮಮ್ಮ ಐದೂ ಕಾರ್ಡನ್ನು ತಂದು ನನ್ನ ಸಂಚಿಗೆ ತುರುಕಿ, "ಇವು ನಿಮ್ಮ ಹತ್ರಾನೇ ಇರ್ಲಿ ಅತ್ತೆ. ಈ ಪ್ರಪಂಚದಲ್ಲಿ ಇನ್ನು ಯಾರಿಗೂ ಇದನ್ನ ಕೊಡದೆ ಇರೋರು ಅಂದ್ರೆ ನೀವೊಬ್ರೇ" ಎಂದಳು. ಅಪ್ಪನಿಗೆ ನಗು ತಡೆಯಲಾಗಲಿಲ್ಲ. ನಾನೂ ಇಳಿದೆ.

ವಾಪಸು ಬಂದ ದಿನ ಹೂರಾದ ನಮ್ಮ ಕಟ್ಟಡದ ಕೆಳಗೆ ಕಾರು ನಿಂತಾಗ, ವಾಚ್‌ಮನ್ ಪೆಟ್ಟಿಗೆ ಇಳಿಸಲು ಕೈ ಮುಂದೆ ಮಾಡಿದ. "ಅಜ್ಜಿ, ಕಾರ್ಡ್ ಕೊಡ್ಬೇಡ!" ಎಂದು ನೀವಿಬ್ಬರೂ ಒಟ್ಟಿಗೆ ಕೂಗಿದಿರಿ. ಆಗ ಅವನ ಮುಖ ನೋಡಿದೆ. ದಿನಾ ಲಿಫ್ಟಿನ ಬಾಗಿಲು ಹಿಡಿದು ನಿಲ್ಲುವವನು. ಗಲ್ಲದ ಮೇಲೆ ಮಚ್ಚೆ ಇದೆ ಎಂದು ನನಗೆ ಗೊತ್ತಾದದ್ದು ಅವತ್ತು.

ಈ ಹಾಳೆಗಳನ್ನು ಅದೇ ಸಂಚಿಯಲ್ಲಿ ಮಡಚಿಟ್ಟಿದ್ದೇನೆ. ಮನೆ ಬದಲಾಯಿಸುವಾಗ ರದ್ದಿಯ ಜೊತೆ ಹೋಗಲು ಬಿಡಬೇಡಿ ಮಕ್ಕಳೇ, ಜೋಪಾನ ಮಾಡಿ. ಯಾರಾದರೂ ಓದುತ್ತೇನೆಂದು ಕೈ ಚಾಚಿದರೆ ಕೊಡಿ, ಬೇಡವೆನ್ನುವುದಿಲ್ಲ. ಆದರೆ ಮೊದಲು ಅವರ ಮುಖ ನೋಡಿಕೊಳ್ಳಿ.